ಹೆಸರಿಡುವವರು, ಕುಣಿಯುವವರು: ಎಲೆಕ್ಟ್ರಾನಿಕ್ ನೃತ್ಯಸಂಗೀತದ ವಿಮರ್ಶಾ ಬರವಣಿಗೆಯನ್ನು ಕುರಿತು

ಜಾನಪದ ಪ್ರಕಾರಗಳ ವರ್ಗೀಕರಣವನ್ನು ಕುರಿತ ಚರ್ಚೆ ನಮ್ಮಲ್ಲಿ ಹೊಸದಲ್ಲ. ವಿದ್ವಾಂಸರು ಲಾವಣಿಯೆಂದೂ ಕಥನಗೀತವೆಂದೂ ಬೇರ್ಪಡಿಸಿದ್ದನ್ನು ಹಾಡುವವರು ಬರಿಯ ‘ಪದ’ ಎಂದು ಕರೆಯುವುದು, ಹಾಡುವವರು ಎರಡೆಂದು ಎಣಿಸುವುದನ್ನು ಸಂಪಾದಕರು ಒಂದೇ ಅಧ್ಯಾಯದೊಳಗೆ ಸೇರಿಸಿಬಿಡುವುದು ಕ್ಷೇತ್ರಕಾರ್ಯ ಮಾಡಿದ ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ಅಧ್ಯಯನಕಾರರು ತಮ್ಮ ಅನುಕೂಲಕ್ಕಾಗಿ ಕಟ್ಟಿಕೊಳ್ಳುವ ವಿಶ್ಲೇಷಣಾತ್ಮಕ ವರ್ಗಗಳು ಬೇರೆ, ಒಂದು ಜನಸಮುದಾಯ ತನ್ನ ಬಳಕೆಯಲ್ಲಿ ಗುರುತಿಸಿಕೊಂಡಿರುವ ಪ್ರಕಾರಗಳು ಬೇರೆ ಎಂಬ ಮಾತನ್ನು ಡ್ಯಾನ್ ಬೆನ್-ಅಮೋಸ್ 1969ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಸ್ಪಷ್ಟಪಡಿಸಿದರು. ಅಂದಿನಿಂದ ಈ ಭೇದವನ್ನು ನಾವು ಒಪ್ಪಿಕೊಂಡಿದ್ದೇವೆ. ಆದರೆ ಹೆಸರಿಡುವ ಅಧಿಕಾರ ಯಾರ ಕೈಯಲ್ಲಿದೆ, ಆ ಹೆಸರಿನಿಂದ ಯಾರಿಗೆ ಏನು ದಕ್ಕುತ್ತದೆ, ಯಾರ ಕೈಯಿಂದ ಏನು ಜಾರಿಹೋಗುತ್ತದೆ ಎಂಬ ಮುಂದಿನ ಪ್ರಶ್ನೆಯನ್ನು ಅಷ್ಟಾಗಿ ಕೇಳಿಕೊಂಡಿಲ್ಲ.

ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ನಮ್ಮ ಹಳ್ಳಿಗಳಿಂದ ಬಹುದೂರದ ಒಂದು ಕ್ಷೇತ್ರಕ್ಕೆ ಒಯ್ದು ನೋಡಲಾಗಿದೆ. 1980ರ ದಶಕದಿಂದೀಚೆಗೆ ಅಮೆರಿಕದ ಶಿಕಾಗೊ, ಡೆಟ್ರಾಯಿಟ್ ನಗರಗಳಲ್ಲಿಯೂ ಇಂಗ್ಲೆಂಡಿನ ಲಂಡನ್ನಿನಲ್ಲಿಯೂ ರಾತ್ರಿಯ ಕ್ಲಬ್ಬುಗಳು, ಬಳಕೆ ತಪ್ಪಿದ ಗೋದಾಮುಗಳು, ಪರವಾನಗಿಯಿಲ್ಲದ ರೇಡಿಯೊ ಕೇಂದ್ರಗಳ ಆಶ್ರಯದಲ್ಲಿ ಎಲೆಕ್ಟ್ರಾನಿಕ್ ನೃತ್ಯಸಂಗೀತವೊಂದು ಬೆಳೆಯಿತು. ಹೌಸ್, ಟೆಕ್ನೋ, ಜಂಗಲ್, ಗ್ರೈಮ್, ಡಬ್‌ಸ್ಟೆಪ್ ಎಂಬಿವು ಅದರ ಕೆಲವು ಹೆಸರುಗಳು. ಇದನ್ನು ಸಂಗೀತ ವಿಮರ್ಶಕರು ಹೇಗೆ ಬರೆದರು ಎಂಬುದು ಇಲ್ಲಿನ ವಿಷಯ. ಈ ಸಂಗೀತ ಜಾನಪದವೇ ಅಲ್ಲವೇ ಎಂಬ ತೀರ್ಮಾನಕ್ಕೆ ನಾನು ಕೈಹಾಕುವುದಿಲ್ಲ. ಕೆಲವು ಲಕ್ಷಣಗಳಂತೂ ನಮಗೆ ಪರಿಚಿತವಾದವೇ. ಇಲ್ಲಿ ವೇದಿಕೆಯ ಮೇಲೆ ಹಾಡುಗಾರನಿಲ್ಲ. ಧ್ವನಿಮುದ್ರಿಕೆಗಳನ್ನು ಒಂದರೊಳಗೊಂದು ಬೆಸೆದು ರಾತ್ರಿಯಿಡೀ ನಡೆಸಿಕೊಂಡು ಹೋಗುವ ಡಿ.ಜೆ. ಇದ್ದಾನೆ, ಎದುರಿಗೆ ಕುಣಿಯುವ ಜನರಿದ್ದಾರೆ. ಮುದ್ರಿಕೆ ತನ್ನಷ್ಟಕ್ಕೆ ಮುಗಿದ ಕೃತಿಯಲ್ಲ. ಅದು ಆ ರಾತ್ರಿಯ ಪ್ರದರ್ಶನಕ್ಕೆ ಬೇಕಾದ ಸಾಮಗ್ರಿ. ಅದನ್ನು ತಯಾರಿಸಿದವನು ಅನೇಕ ವೇಳೆ ಅಂಕಿತನಾಮದ ಹಿಂದೆ ಮರೆಯಾಗಿರುತ್ತಾನೆ, ಒಬ್ಬನಿಗೇ ಏಳೆಂಟು ಅಂಕಿತಗಳಿರುವುದೂ ಉಂಟು.

‘ಅಂಡರ್‌ಗ್ರೌಂಡ್’ ಎಂಬ ವಿಶೇಷಣದ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಭೂಗತ ಎಂದೊಡನೆ ಪತ್ರಿಕೆ ಓದುವವರಿಗೆ ಪಾತಕಲೋಕ ನೆನಪಾಗುತ್ತದೆ. ಇಲ್ಲಿ ಆ ಅರ್ಥವಿಲ್ಲ. ದೊಡ್ಡ ಕಂಪನಿಗಳ ಪ್ರಚಾರ, ಸರಕಾರಿ ಅಥವಾ ವಾಣಿಜ್ಯ ರೇಡಿಯೊ, ಜನಪ್ರಿಯತೆಯ ಪಟ್ಟಿ ಇವುಗಳ ಹೊರಗೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಹರಡುವ ಸಂಗೀತ ಎಂಬುದಷ್ಟೇ ಅದರ ಅರ್ಥ. ಬರೆದು ಪ್ರಕಟಿಸುವುದೇ ವೃತ್ತಿಯಾಗಿರುವ ವಿಮರ್ಶಕನಿಗೆ ಇದರಲ್ಲಿ ಮೊದಲ ತೊಡಕಿದೆ. ಅವನು ಬರೆದೊಡನೆ ಅದು ಅಷ್ಟರಮಟ್ಟಿಗೆ ಭೂಗತವಾಗಿ ಉಳಿಯುವುದಿಲ್ಲ.

ಮೊದಲಿಗೆ ಹೆಸರುಗಳ ಸಂಗತಿಯನ್ನೇ ಪರಿಶೀಲಿಸಬಹುದು. ನ್ಯೂಯಾರ್ಕಿನಿಂದ ಬಂದ ಫ್ರಾಂಕಿ ನಕಲ್ಸ್ ಎಂಬ ಡಿ.ಜೆ. 1977ರಿಂದ 1982ರವರೆಗೆ ಶಿಕಾಗೊದ ‘ವೇರ್‌ಹೌಸ್’ ಎಂಬ ಕ್ಲಬ್ಬಿನಲ್ಲಿ ಸಂಗೀತ ನುಡಿಸುತ್ತಿದ್ದರು. ಅಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಕಪ್ಪು ಹಾಗೂ ಲ್ಯಾಟಿನ್ ಮೂಲದ ಸಲಿಂಗಿ ಯುವಕರು. ‘ಹೌಸ್’ ಎಂಬ ಹೆಸರು ‘ವೇರ್‌ಹೌಸ್’ನಿಂದ ಬಂದಿತೆಂಬುದು ಹೆಚ್ಚು ಪ್ರಚಲಿತವಾದ ನಿರೂಪಣೆ. ಆದರೆ ಅದರೊಳಗೇ ಪಾಠಾಂತರಗಳಿವೆ. ನಗರದ ದಕ್ಷಿಣ ಭಾಗದ ಒಂದು ಮದ್ಯದಂಗಡಿಯ ಫಲಕದಲ್ಲಿ ಆ ಮಾತನ್ನು ಮೊದಲು ಕಂಡೆವೆಂಬುದು ನಕಲ್ಸ್ ಹೇಳುತ್ತಿದ್ದ ಕಥೆ. ಮುದ್ರಿಕೆಗಳ ಅಂಗಡಿಯೊಂದರಲ್ಲಿ ‘ವೇರ್‌ಹೌಸಿನಲ್ಲಿ ಕೇಳಿದ್ದು’ ಎಂದು ಬರೆದ ಚೀಟಿ ಕ್ರಮೇಣ ಮೊಟಕಾಯಿತೆಂಬುದು ಅಲ್ಲಿ ಕೆಲಸ ಮಾಡಿದವರ ಕಥೆ. ಮನೆಯಲ್ಲೇ ಯಂತ್ರಗಳನ್ನಿಟ್ಟುಕೊಂಡು ತಯಾರಿಸಿದ್ದರಿಂದ ಆ ಹೆಸರೆಂಬುದು ಇನ್ನೊಂದು. ಪತ್ರಕರ್ತರು ಇವುಗಳಲ್ಲಿ ಒಂದನ್ನು ‘ನಿಜ’ವೆಂದು ಆರಿಸಿ ಉಳಿದುವನ್ನು ತಪ್ಪೆಂದು ಬದಿಗಿಟ್ಟರು. ಸ್ಥಳನಾಮ ಪುರಾಣಗಳನ್ನು ಸಂಗ್ರಹಿಸಿ ಬಲ್ಲ ನಮಗೆ ಇದು ಅವಸರದ ಕೆಲಸವೆನಿಸುತ್ತದೆ. ಪ್ರತಿಯೊಂದು ಪಾಠವೂ ಈ ಸಂಗೀತ ಯಾರದು ಎಂಬುದನ್ನು ಹೇಳುತ್ತಿದೆ: ಒಂದು ಕುಣಿದವರದೆಂದು, ಒಂದು ಮಾರಿದವರದೆಂದು, ಒಂದು ತಯಾರಿಸಿದವರದೆಂದು.

ಟೆಕ್ನೋ ಎಂಬ ಹೆಸರಿನ ಕಥೆಗೆ ದಾಖಲೆಯ ಆಧಾರ ಹೆಚ್ಚು. ಡೆಟ್ರಾಯಿಟಿನ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಕಪ್ಪು ತರುಣರು ಬೆಲ್‌ವಿಲ್ ಎಂಬ ಊರಿನ ಶಾಲೆಯಲ್ಲಿ ಜೊತೆಗಾರರಾಗಿದ್ದವರು. 1988ರಲ್ಲಿ ಇಂಗ್ಲೆಂಡಿನ ನೀಲ್ ರಷ್ಟನ್ ಎಂಬುವರು ಇವರ ಮತ್ತು ಇವರ ಸಂಗಡಿಗರ ಸಂಗೀತದ ಸಂಕಲನವೊಂದನ್ನು ಲಂಡನ್ನಿನಲ್ಲಿ ಹೊರತರಲು ಮುಂದಾದಾಗ ಅದಕ್ಕೆ ‘ಡೆಟ್ರಾಯಿಟಿನ ಹೌಸ್ ಸಂಗೀತ’ ಎಂಬರ್ಥದ ಹೆಸರಿಡುವ ಯೋಚನೆಯಿತ್ತು. ಆಟ್ಕಿನ್ಸ್ ಕಳುಹಿಸಿದ ರಚನೆಯ ಹೆಸರಿನಲ್ಲಿ ‘ಟೆಕ್ನೋ’ ಎಂಬ ಪದವಿದ್ದುದರಿಂದ ಸಂಕಲನದ ಹೆಸರೇ ಬದಲಾಯಿತು. ಆಲ್ವಿನ್ ಟಾಫ್ಲರ್ ಅವರ ಭವಿಷ್ಯಚಿಂತನೆಯ ಪುಸ್ತಕಗಳನ್ನು ಓದಿ ಆಟ್ಕಿನ್ಸ್ ಆ ಪದವನ್ನು ಮೊದಲೇ ತಮ್ಮದಾಗಿಸಿಕೊಂಡಿದ್ದರು. 1984ರಷ್ಟು ಹಿಂದೆಯೇ ಅದು ಅವರ ಒಂದು ಮುದ್ರಿಕೆಯ ಹೆಸರಿನಲ್ಲಿದೆ. ಅಂದರೆ ಪದ ಒಳಗಿನದು. ಅದು ಪ್ರಕಾರದ ಹೆಸರಾಗಿ ಸ್ಥಿರಗೊಂಡದ್ದು ಮಾತ್ರ ಲಂಡನ್ನಿನಲ್ಲಿ. ಅದೇ ವರ್ಷ ಸ್ಟುವರ್ಟ್ ಕಾಸ್‌ಗ್ರೋವ್ ‘ದಿ ಫೇಸ್’ ಪತ್ರಿಕೆಗೆ ಬರೆದ ಲೇಖನ ಡೆಟ್ರಾಯಿಟನ್ನು ಮೋಟಾರು ಕಾರ್ಖಾನೆಗಳು ಮುಚ್ಚಿದ ನಗರವಾಗಿ, ಈ ಸಂಗೀತವನ್ನು ಆ ಪಾಳಿನಿಂದ ಎದ್ದ ಭವಿಷ್ಯದ ದನಿಯಾಗಿ ಚಿತ್ರಿಸಿತು. ಚಿತ್ರ ಸುಳ್ಳಲ್ಲ. ಆದರೆ ಮುಂದಿನ ಎರಡು ಮೂರು ದಶಕ ಡೆಟ್ರಾಯಿಟಿನ ಬಗ್ಗೆ ಬರೆದವರೆಲ್ಲ ಅದೇ ಪಾಳುಕಾರ್ಖಾನೆಯ ಬಾಗಿಲಿನಿಂದ ಒಳಹೊಕ್ಕರು. ಅಲ್ಲಿನ ಪ್ರೌಢಶಾಲಾ ಮಕ್ಕಳ ನೃತ್ಯಕೂಟಗಳು, ‘ಎಲೆಕ್ಟ್ರಿಫೈಯಿಂಗ್ ಮೋಜೊ’ ಎಂಬ ಹೆಸರಿನಲ್ಲಿ ರಾತ್ರಿ ರೇಡಿಯೊ ಕಾರ್ಯಕ್ರಮ ನಡೆಸುತ್ತಿದ್ದ ಚಾರ್ಲ್ಸ್ ಜಾನ್ಸನ್ ಯುರೋಪಿನ ಸಂಗೀತವನ್ನು ಕಪ್ಪು ಕೇಳುಗರಿಗೆ ಮುಟ್ಟಿಸಿದ್ದು ಇವೆಲ್ಲ ಅಡಿಟಿಪ್ಪಣಿಗಳಾದವು.

ವಿಮರ್ಶಕರೆಲ್ಲರೂ ಒಂದೇ ಬಗೆಯವರಲ್ಲ. ಕುಣಿತದ ಅಗತ್ಯಕ್ಕೆ ಹತ್ತಿರವಾಗಿ ಬರೆದವರಲ್ಲಿ ‘ರೆಕಾರ್ಡ್ ಮಿರರ್’ ಪತ್ರಿಕೆಯ ಜೇಮ್ಸ್ ಹ್ಯಾಮಿಲ್ಟನ್ ಅವರನ್ನು ಮೊದಲು ನೆನೆಯಬೇಕು. 1970ರ ದಶಕದ ಮಧ್ಯಭಾಗದಿಂದ ನೃತ್ಯಸಂಗೀತದ ಅಂಕಣ ಬರೆಯತೊಡಗಿದ ಇವರು 1996ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸವನ್ನು ಬಿಡಲಿಲ್ಲ. ಪ್ರತಿ ಮುದ್ರಿಕೆಗೂ ನಿಮಿಷಕ್ಕೆ ಎಷ್ಟು ಬಡಿತ ಎಂಬುದನ್ನು ಎಣಿಸಿ ನಮೂದಿಸುತ್ತಿದ್ದರು. ಲಯ ನಡುವೆ ಬದಲಾದರೆ ಅದನ್ನೂ ತೋರಿಸುತ್ತಿದ್ದರು. ವಾಕ್ಯಗಳು ವಿಚಿತ್ರವಾದವು. ಕ್ರಿಯಾಪದವಿಲ್ಲದೆ ವಿಶೇಷಣಗಳನ್ನು ಒಂದರ ಬೆನ್ನಿಗೊಂದು ಪೋಣಿಸಿದ ಉದ್ದನೆಯ ಸಮಾಸಗಳು. ಸಾಹಿತ್ಯದೃಷ್ಟಿಯಿಂದ ಓದಿದವರಿಗೆ ನಗೆ ಬಂದೀತು. ಆದರೆ ಆ ಬರವಣಿಗೆ ಸಾಮಾನ್ಯ ಓದುಗನಿಗಾಗಿ ಇದ್ದದ್ದಲ್ಲ. ಶನಿವಾರ ರಾತ್ರಿ ಜನರನ್ನು ಕುಣಿಸಬೇಕಾದ ಡಿ.ಜೆ.ಗಾಗಿ. ಯಾವುದರ ನಂತರ ಯಾವುದು ಹೊಂದುತ್ತದೆ, ಎಲ್ಲಿ ನಡೆ ಏರುತ್ತದೆ ಎಂಬುದು ಅವನಿಗೆ ಬೇಕು. ಯಕ್ಷಗಾನ ಪ್ರಸಂಗದ ಪ್ರತಿಯಲ್ಲಿ ಪದ್ಯದ ತಲೆಯ ಮೇಲೆ ರಾಗತಾಳಗಳ ಹೆಸರು ಬರೆದಿರುವುದಕ್ಕೂ ಇದಕ್ಕೂ ಉದ್ದೇಶ ಒಂದೇ. ಇದಕ್ಕೂ ಸ್ವಲ್ಪ ಮೊದಲು ನ್ಯೂಯಾರ್ಕಿನ ವಿನ್ಸ್ ಅಲೆಟ್ಟಿ ‘ರೆಕಾರ್ಡ್ ವರ್ಲ್ಡ್’ ಪತ್ರಿಕೆಯ ಅಂಕಣದಲ್ಲಿ ಯಾವ ಕ್ಲಬ್ಬಿನ ಯಾವ ಡಿ.ಜೆ. ಆ ವಾರ ಏನನ್ನು ನುಡಿಸಿದನೆಂಬ ಪಟ್ಟಿಗಳನ್ನು ಪ್ರಕಟಿಸುತ್ತಿದ್ದರು. ಡಿಸ್ಕೋ ಸಂಗೀತದ ಚರಿತ್ರೆಯನ್ನು ಇಂದು ಬರೆಯುವವರಿಗೆ ಆ ಪಟ್ಟಿಗಳಷ್ಟು ನೆಚ್ಚಿಕೆಯ ಸಾಮಗ್ರಿ ಕಡಿಮೆ. ನನಗಂತೂ ಈ ಇಬ್ಬರಲ್ಲಿ ಒಳ್ಳೆಯ ಕ್ಷೇತ್ರಕಾರ್ಯಕರ್ತನ ಗುಣಗಳು ಕಾಣುತ್ತವೆ.

ಇವರಿಗೆ ಹೋಲಿಸಿದರೆ ರಾಕ್ ಸಂಗೀತದ ವಿಮರ್ಶೆಯಲ್ಲಿ ಪಳಗಿದವರಿಗೆ ಈ ಸಂಗೀತ ಬಹುಕಾಲ ಕೈಗೆ ಸಿಕ್ಕಲಿಲ್ಲ. ಅವರ ಉಪಕರಣಗಳೆಲ್ಲ ಗಾಯಕ, ಗೀತೆಯ ಅರ್ಥ, ಇಡಿಯ ಆಲ್ಬಮ್ ಇವುಗಳಿಗೆ ತಕ್ಕಂತೆ ರೂಪುಗೊಂಡಿದ್ದವು. ಇದರ ಹಿಂದೆ ಬರಿಯ ಅಸಡ್ಡೆಯಲ್ಲ, ದ್ವೇಷವೂ ಇತ್ತೆಂಬುದಕ್ಕೆ 1979ರ ಜುಲೈ 12ರಂದು ಶಿಕಾಗೊದ ಕಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ರೇಡಿಯೊ ನಿರೂಪಕನೊಬ್ಬನ ನೇತೃತ್ವದಲ್ಲಿ ಡಿಸ್ಕೋ ಮುದ್ರಿಕೆಗಳ ರಾಶಿಯನ್ನು ಸಿಡಿಸಿದ ಘಟನೆ ಸಾಕ್ಷಿಯಾಗಿದೆ. ಆ ದಿನ ಅಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸದಲ್ಲಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗ, ಜನ ತಂದಿದ್ದ ಮುದ್ರಿಕೆಗಳಲ್ಲಿ ಡಿಸ್ಕೋ ಅಲ್ಲದ, ಕೇವಲ ಕಪ್ಪು ಕಲಾವಿದರವಾದ ಮುದ್ರಿಕೆಗಳೂ ಇದ್ದುವೆಂದು ಆಮೇಲೆ ಹೇಳಿದ್ದಾರೆ. ಐದು ವರ್ಷಗಳ ಬಳಿಕ ಹೊರಬಂದ ಹೌಸ್ ಸಂಗೀತದ ಮೊದಲ ಮುದ್ರಿಕೆಗಳಲ್ಲೊಂದರ ರಚನೆಯಲ್ಲಿ ಇದೇ ಲಾರೆನ್ಸರ ಪಾಲಿದೆ.

1990ರ ದಶಕದಲ್ಲಿ ಈ ಕೊರತೆಯನ್ನು ತುಂಬಲು ಹೊರಟವರಲ್ಲಿ ಸೈಮನ್ ರೆನಾಲ್ಡ್ಸ್ ಮತ್ತು ಕೊಡ್ವೊ ಎಷುನ್ ಮುಖ್ಯರು. ರೆನಾಲ್ಡ್ಸ್ ಅವರ ‘ಎನರ್ಜಿ ಫ್ಲ್ಯಾಶ್’ 1998ರಲ್ಲಿ ಪ್ರಕಟವಾಯಿತು. ಮೂಲತಃ ಜಾಸ್ ಪತ್ರಿಕೆಯಾಗಿ 1982ರಲ್ಲಿ ಆರಂಭವಾದ ‘ದಿ ವೈರ್’ನಲ್ಲಿ 1992ರಿಂದ ಅವರು ಬರೆಯುತ್ತ ಬಂದ ಲೇಖನಗಳಿಂದ ‘ಹಾರ್ಡ್‌ಕೋರ್ ಪರಂಪರೆ’ ಎಂಬ ಪರಿಕಲ್ಪನೆ ಬೆಳೆಯಿತು. ಲಂಡನ್ನಿನ ಹಾರ್ಡ್‌ಕೋರ್, ಜಂಗಲ್, ಗರಾಜ್, ಗ್ರೈಮ್, ಡಬ್‌ಸ್ಟೆಪ್ ಇವು ಬೇರೆ ಬೇರೆ ಸಂಗೀತಗಳಲ್ಲ. ಅನಧಿಕೃತ ರೇಡಿಯೊ, ಕೆಲವೇ ಹತ್ತು ಬಾರಿ ನುಡಿಸಿದರೆ ಸವೆದುಹೋಗುವ ಮೆದು ತಟ್ಟೆಗಳು, ಮೈಕ್ ಹಿಡಿದು ಹುರಿದುಂಬಿಸುವ ಮಾತುಗಾರ ಇಂಥ ಒಂದೇ ಆಧಾರವ್ಯವಸ್ಥೆಯ ಮೇಲೆ ನಿಂತ ಒಂದೇ ಪರಂಪರೆಯ ರೂಪಾಂತರಗಳು ಎಂಬುದು ಅವರ ವಾದ. ಸಂಗೀತದ ಏಕತೆಯನ್ನು ಶೈಲಿಯಲ್ಲಿ ಹುಡುಕದೆ ಅದರ ಪ್ರಸರಣದ ದಾರಿಯಲ್ಲಿ ಹುಡುಕಿದ್ದು ಜಾನಪದ ವಿದ್ವಾಂಸನಿಗೆ ಮೆಚ್ಚುಗೆಯಾಗುವ ಕ್ರಮ. ಬ್ರಯನ್ ಈನೊ ಅವರಿಂದ ಎರವಲು ಪಡೆದ ಪದವೊಂದರಿಂದ, ಪ್ರತಿಭೆ ಒಬ್ಬ ವ್ಯಕ್ತಿಯಲ್ಲಿಲ್ಲ, ಇಡೀ ಕೂಟದಲ್ಲಿದೆ ಎಂದೂ ಅವರು ಪ್ರತಿಪಾದಿಸಿದರು. ಆದರೆ ವಂಶವೃಕ್ಷ ಬರೆಯುವವರಿಗೆ ಬರುವ ಕಷ್ಟ ಇವರಿಗೂ ಬಂತು. 2009ರ ಸುಮಾರಿಗೆ ನಡೆದ ವಾಗ್ವಾದಗಳಲ್ಲಿ ಕಿರಿಯ ಬರಹಗಾರರ ಆಕ್ಷೇಪವಿದ್ದದ್ದು ಇದೇ: ವೃಕ್ಷಕ್ಕೆ ಹೊಂದದ ಹೊಸ ಸಂಗೀತ ಬಂದರೆ ಅದನ್ನು ಅವನತಿಯೆಂದು ಕಾಣುವ ಪ್ರವೃತ್ತಿ ಈ ಪರಿಕಲ್ಪನೆಯೊಳಗೇ ಇದೆ.

ಎಷುನ್ ಹಿಡಿದದ್ದು ಇದಕ್ಕೆ ವಿರುದ್ಧವಾದ ದಾರಿ. ಅದೇ 1998ರಲ್ಲಿ ಬಂದ ‘ಮೋರ್ ಬ್ರಿಲಿಯಂಟ್ ದ್ಯಾನ್ ದಿ ಸನ್’ ಎಂಬ ಪುಸ್ತಕದಲ್ಲಿ ಅವರು ಕಪ್ಪು ಸಂಗೀತವನ್ನು ಬೀದಿ, ಬಡತನ, ಸಂಕಟಗಳ ಭಾಷೆಯಲ್ಲಿಯೇ ವಿವರಿಸುವ ರೂಢಿಯನ್ನು ತಳ್ಳಿಹಾಕಿದರು. ಯಂತ್ರ, ಮುದ್ರಿಕೆಯ ಹೊದಿಕೆ, ಅದರ ಮೇಲಿನ ಬರಹ ಇವೆಲ್ಲ ತಾವೇ ಚಿಂತನೆಗಳು. ಅವುಗಳಿಗೆ ಹೊರಗಿನಿಂದ ಸಿದ್ಧಾಂತ ತರಬೇಕಿಲ್ಲ ಎಂದರು. ಪುಸ್ತಕದ ತುಂಬ ಹೊಸದಾಗಿ ಬೆಸೆದ ಪದಗಳಿವೆ; ಓದು ಸುಲಭವಲ್ಲ. ಇವರ ನಿಲುವಿನ ಬೆಲೆ ತಿಳಿಯಬೇಕಾದರೆ ಡೆಟ್ರಾಯಿಟಿನ ಡ್ರೆಕ್ಸಿಯ ಎಂಬ ಜೋಡಿಯನ್ನು ನೋಡಬೇಕು. ಇವರ 1997ರ ಸಂಕಲನದ ಹೊದಿಕೆಯ ಮೇಲೆ ಒಂದು ಮೂಲಪುರಾಣವಿದೆ. ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳಿಂದ ಸಮುದ್ರಕ್ಕೆ ಎಸೆಯಲ್ಪಟ್ಟ ಗರ್ಭಿಣಿಯರ ಮಕ್ಕಳು ನೀರಿನೊಳಗೇ ಉಸಿರಾಡಲು ಕಲಿತು ಒಂದು ಜನಾಂಗವಾಗಿ ಬೆಳೆದಿರಬಹುದೇ ಎಂದು ಅದು ಕೇಳುತ್ತದೆ. ಪದಗಳಿಲ್ಲದ ಆ ಸಂಗೀತವನ್ನು ಪುರಾಣದ ಭಾಗವಾಗಿ ಓದಿ ತೋರಿಸಿದ್ದು ಎಷುನ್ ಅವರಂಥ ವಿಮರ್ಶಕರೇ. ಕೇವಲ ಕಾರ್ಖಾನೆ ಮುಚ್ಚಿದ ಕಥೆ ಹೇಳುತ್ತಿದ್ದವರಿಗೆ ಈ ಸಮುದ್ರ ಕಾಣುತ್ತಿರಲಿಲ್ಲ.

ವಿಮರ್ಶಕರ ಹೊಗಳಿಕೆಯಷ್ಟೇ ಅವರ ತಾತ್ಸಾರವೂ ಪರಿಣಾಮಕಾರಿ. ಮಕ್ಕಳಿಗೆ ಎಚ್ಚರಿಕೆ ಹೇಳುವ ಹಳೆಯ ಸರಕಾರಿ ಕಿರುಚಿತ್ರವೊಂದರ ತುಣುಕನ್ನು ಬಳಸಿ ಪ್ರಾಡಿಜಿ ತಂಡ 1991ರಲ್ಲಿ ‘ಚಾರ್ಲಿ’ ಎಂಬ ರಚನೆಯನ್ನು ಹೊರತಂದಿತು. ಅದರ ಅನುಕರಣೆಗಳು ಹೆಚ್ಚಿದಾಗ ‘ಮಿಕ್ಸ್‌ಮ್ಯಾಗ್’ ಪತ್ರಿಕೆ 1992ರಲ್ಲಿ, ಈ ಹಾಡು ರೇವ್ ಸಂಸ್ಕೃತಿಯನ್ನೇ ಕೊಂದಿತೇ ಎಂದು ಪ್ರಶ್ನಿಸಿತು. ಅದೇ ವರ್ಷ, ಅದೇ ಪತ್ರಿಕೆಯಲ್ಲಿ ಡಾಮ್ ಫಿಲಿಪ್ಸ್ ‘ಪ್ರೊಗ್ರೆಸಿವ್ ಹೌಸ್’ ಎಂಬ ಹೆಸರನ್ನು ಚಲಾವಣೆಗೆ ತಂದರು. (ಮುಂದೆ ಬ್ರೆಜಿಲಿನಲ್ಲಿ ಪತ್ರಕರ್ತರಾಗಿ ನೆಲೆಸಿ, 2022ರಲ್ಲಿ ಅಮೆಜಾನಿನ ಜವಾರಿ ಕಣಿವೆಯಲ್ಲಿ ಕೊಲೆಯಾದವರು ಇವರೇ.) ಅದೇ 1992ರಲ್ಲಿ ವಾರ್ಪ್ ಸಂಸ್ಥೆ ‘ಆರ್ಟಿಫಿಷಿಯಲ್ ಇಂಟೆಲಿಜೆನ್ಸ್’ ಎಂಬ ಸಂಕಲನವನ್ನು ಪ್ರಕಟಿಸಿತು. ಹೊದಿಕೆಯ ಚಿತ್ರದಲ್ಲಿ ಯಂತ್ರಮಾನವನೊಬ್ಬ ಆರಾಮಕುರ್ಚಿಯಲ್ಲಿ ಒರಗಿದ್ದಾನೆ, ನೆಲದ ಮೇಲೆ ಹಳೆಯ ಮುದ್ರಿಕೆಗಳು ಬಿದ್ದಿವೆ. ಇದು ಕುಳಿತು ಕೇಳುವ ಎಲೆಕ್ಟ್ರಾನಿಕ್ ಸಂಗೀತವೆಂಬುದು ಸಂಸ್ಥೆಯ ವಿವರಣೆ. ‘ಬುದ್ಧಿವಂತ’ ಎಂಬ ವಿಶೇಷಣ ಟೆಕ್ನೋಗೂ ಮುಂದೆ ಡ್ರಮ್ ಆ್ಯಂಡ್ ಬಾಸ್‌ಗೂ ಅಂಟಿಕೊಂಡಿತು. ಇದು ಯಾರನ್ನು ದಡ್ಡರೆಂದು ಕರೆಯುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಕುಣಿಯದೆ ಕೇಳುವವನು ಕುಣಿಯುವವನಿಗಿಂತ ಮೇಲಿನವನೆಂಬ ಈ ಶ್ರೇಣೀಕರಣದಲ್ಲಿ, ಬಹುಮಟ್ಟಿಗೆ ಕಾರ್ಮಿಕ ವರ್ಗದ, ಕಪ್ಪು ಬಿಳಿ ಬೆರೆತ ಹುಡುಗ ಹುಡುಗಿಯರ ಹಾರ್ಡ್‌ಕೋರ್ ಕೆಳಗುಳಿಯಿತು. ವಿಪರ್ಯಾಸವೆಂದರೆ ತಾಂತ್ರಿಕವಾಗಿ ಆ ಕಾಲದ ಅತ್ಯಂತ ಸಂಕೀರ್ಣವಾದ ಲಯಗಳು ಹುಟ್ಟಿದ್ದು ಆ ತಿರಸ್ಕೃತ ಸಂಗೀತದಿಂದಲೇ.

ಸಾರಾ ಥಾರ್ನ್‌ಟನ್ 1995ರ ‘ಕ್ಲಬ್ ಕಲ್ಚರ್ಸ್’ ಎಂಬ ಅಧ್ಯಯನದಲ್ಲಿ ಇದನ್ನು ಸಮಾಜಶಾಸ್ತ್ರೀಯವಾಗಿ ವಿವೇಚಿಸಿದ್ದಾರೆ. ಉಪಸಂಸ್ಕೃತಿಗಳು ಮೊದಲು ತಾವಾಗಿ ಬೆಳೆದು, ಆಮೇಲೆ ಮಾಧ್ಯಮಗಳ ಕೈಗೆ ಸಿಕ್ಕಿ ಕೆಡುತ್ತವೆಂಬ ನಂಬಿಕೆ ಸರಿಯಲ್ಲ; ಕರಪತ್ರದಿಂದ ಹಿಡಿದು ದೊಡ್ಡ ಪತ್ರಿಕೆಯವರೆಗೆ ಮಾಧ್ಯಮಗಳೇ ಅವನ್ನು ರೂಪಿಸುತ್ತವೆ ಎಂಬುದು ಅವರ ನಿಲುವು. 1988ರ ಅಕ್ಟೋಬರಿನಲ್ಲಿ ‘ದಿ ಸನ್’ ಪತ್ರಿಕೆ ಆ್ಯಸಿಡ್ ಹೌಸ್‌ನ ನಗುಮುಖದ ಅಂಗಿಯನ್ನು ತನ್ನ ಓದುಗರಿಗೆ ಮಾರಲು ಹೊರಟು, ಕೆಲವೇ ದಿನಗಳಲ್ಲಿ ಅದೇ ಸಂಗೀತದ ಮೇಲೆ ಮಾದಕವಸ್ತುವಿನ ಆರೋಪ ಹೊರಿಸಿ ಹರಿಹಾಯ್ದದ್ದು ಪ್ರಸಿದ್ಧ ನಿದರ್ಶನ. ವ್ಯಾಖ್ಯೆ ಬರೆಯುವ ಕೆಲಸಕ್ಕೆ ಕೊನೆಗೆ ಸಂಸತ್ತೂ ಇಳಿಯಿತು. ಬ್ರಿಟನ್ನಿನ 1994ರ ಅಪರಾಧ ನ್ಯಾಯ ಕಾಯಿದೆ, ಬಯಲಿನಲ್ಲಿ ರಾತ್ರಿ ಸೇರುವ ಕೂಟಗಳನ್ನು ತಡೆಯುವ ಸಲುವಾಗಿ, ಪುನರಾವರ್ತಿಸುವ ಬಡಿತಗಳ ಸರಣಿಯಿಂದ ಕೂಡಿದ ಧ್ವನಿಯೂ ಸಂಗೀತವೆಂಬ ವ್ಯಾಖ್ಯೆಯಲ್ಲಿ ಸೇರುತ್ತದೆಂದು ಬರೆಯಿತು. ಆಟೆಕರ್ ಎಂಬ ಜೋಡಿ ಇದಕ್ಕೆ ಉತ್ತರವಾಗಿ, ಯಾವ ಎರಡು ಆವರ್ತಗಳೂ ಒಂದೇ ತೆರನಾಗಿರದ ಲಯದ ರಚನೆಯೊಂದನ್ನು ಅದೇ ವರ್ಷ ಹೊರತಂದಿತು.

ಹೆಸರಿಡುವ ಈ ಗದ್ದಲವನ್ನು ಒಳಗಿನವರು ಹೇಗೆ ಕಂಡರೆಂಬುದಕ್ಕೆ ಪೂರ್ವ ಲಂಡನ್ನಿನ ವೈಲಿ ಎಂಬ ಕಲಾವಿದನ 2004ರ ಮುದ್ರಿಕೆ ಸಾಕು. ಅದರ ಶೀರ್ಷಿಕೆಯೇ ‘ವಾಟ್ ಡು ಯು ಕಾಲ್ ಇಟ್?’, ಇದನ್ನು ಏನೆಂದು ಕರೆಯುತ್ತೀರಿ ಎಂದು. ಹೊರಗಿನವರು ಕೊಡುವ ಹೆಸರುಗಳನ್ನು ಒಂದೊಂದಾಗಿ ಎತ್ತಿ ನಿರಾಕರಿಸುತ್ತ ಹೋಗುವ ಆ ರಚನೆ, ತನ್ನ ಸಂಗೀತಕ್ಕೆ ಅವನೇ ಇಟ್ಟುಕೊಂಡ ‘ಎಸ್ಕಿ’ ಎಂಬ ಹೆಸರನ್ನು ಮುಂದಿಡುತ್ತದೆ. ಉಳಿದದ್ದು ಮಾತ್ರ ಗ್ರೈಮ್ ಎಂಬ ಹೆಸರೇ.

ವಿಮರ್ಶೆಯ ಭಾಷೆಯಲ್ಲಿ ಯಾರು ಕಳೆದುಹೋಗುತ್ತಾರೆಂಬುದಕ್ಕೆ ಇನ್ನೊಂದು ಉದಾಹರಣೆ ಕೊಡಬೇಕು. 1969ರಲ್ಲಿ ವಿನ್‌ಸ್ಟನ್ಸ್ ಎಂಬ ತಂಡದ ಮುದ್ರಿಕೆಯೊಂದರ ಹಿಂಬದಿಯಲ್ಲಿ ‘ಆಮೆನ್, ಬ್ರದರ್’ ಎಂಬ ವಾದ್ಯರಚನೆ ಇತ್ತು. ಅದರ ನಡುವೆ ಉಳಿದ ವಾದ್ಯಗಳೆಲ್ಲ ನಿಂತು, ಗ್ರೆಗರಿ ಕೋಲ್‌ಮನ್ ಎಂಬ ಡ್ರಮ್ ವಾದಕನೊಬ್ಬನೇ ನಾಲ್ಕು ಆವರ್ತ ನುಡಿಸುತ್ತಾನೆ. ಏಳು ಸೆಕೆಂಡೂ ಆಗಲಾರದು. ಜಂಗಲ್ ಸಂಗೀತ ಬಹುಮಟ್ಟಿಗೆ ಈ ತುಣುಕನ್ನು ಕತ್ತರಿಸಿ, ವೇಗ ಹೆಚ್ಚಿಸಿ, ಮರುಜೋಡಿಸಿ ಕಟ್ಟಿದ್ದು. ಸಾವಿರಾರು ಮುದ್ರಿಕೆಗಳಲ್ಲಿ ಅದು ಸಂಚರಿಸಿದೆ. ಸ್ಟಿತ್ ಥಾಮ್ಸನ್ ಅವರ ಆಶಯಸೂಚಿಯನ್ನು ಬಲ್ಲವರಿಗೆ ಇದು ಆಶಯದ ಸಂಚಾರವೆಂದು ಹೊಳೆಯದೆ ಇರದು. ಅನೇಕ ವಿಮರ್ಶಕರೂ ಇದನ್ನು ಯಾರದೂ ಅಲ್ಲದ, ಎಲ್ಲರದೂ ಆದ ಸೊತ್ತು ಎಂಬ ಧಾಟಿಯಲ್ಲಿ ಸಂಭ್ರಮಿಸಿದರು. ಇಲ್ಲಿ ಎಚ್ಚರ ಬೇಕು. ಆಶಯಕ್ಕೆ ಕರ್ತೃ ಇಲ್ಲ. ಈ ಏಳು ಸೆಕೆಂಡಿಗೆ ಇದ್ದ. ಕೋಲ್‌ಮನ್ 2006ರಲ್ಲಿ ಅಟ್ಲಾಂಟದಲ್ಲಿ ಮನೆಮಠವಿಲ್ಲದೆ ತೀರಿಕೊಂಡರು. ಆ ತುಣುಕಿನಿಂದ ಅವರಿಗೆ ಬಿಡಿಕಾಸೂ ಬರಲಿಲ್ಲ. ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ 2015ರಲ್ಲಿ ಅಭಿಮಾನಿಗಳು ಸುಮಾರು 24,000 ಪೌಂಡು ಒಟ್ಟುಮಾಡಿ ಕೊಟ್ಟರು. ‘ಅನಾಮಧೇಯ’, ‘ಸಾಮುದಾಯಿಕ’ ಎಂಬ ಮಾತುಗಳನ್ನು ನಮ್ಮ ಶಾಸ್ತ್ರವೂ ಧಾರಾಳವಾಗಿ ಬಳಸಿದೆ. ಕೆಲವೊಮ್ಮೆ ಹೆಸರು ಕೇಳದೆ ಬಂದದ್ದರಿಂದಲೇ ಹಾಡು ಅನಾಮಧೇಯವಾಗಿರುತ್ತದೆ.

ಕುಣಿತವೇ ಬರವಣಿಗೆಯಿಂದ ಬಿಟ್ಟುಹೋದ ಪ್ರಸಂಗಕ್ಕೆ ಮತ್ತೆ ಶಿಕಾಗೊಗೆ ಹೋಗಬೇಕು. ಹೌಸ್ ಸಂಗೀತದ ಮೊಮ್ಮಗುವೆನ್ನಬಹುದಾದ ‘ಫುಟ್‌ವರ್ಕ್’ ಆ ನಗರದ ದಕ್ಷಿಣ ಮತ್ತು ಪಶ್ಚಿಮ ಭಾಗಗಳ ಕಪ್ಪು ಯುವಕ ಯುವತಿಯರ ನಡುವೆ ಬೆಳೆಯಿತು. ಹೆಸರೇ ಹೇಳುವಂತೆ ಇದು ಮೊದಲು ಕಾಲಿನ ಕೆಲಸ, ಆಮೇಲೆ ಸಂಗೀತ. ಸುತ್ತಲೂ ಜನ ನಿಂತ ವೃತ್ತದೊಳಗೆ ಇಬ್ಬರು ಒಬ್ಬರ ನಂತರ ಒಬ್ಬರು ಇಳಿದು ಪಂದ್ಯದಂತೆ ಕುಣಿಯುತ್ತಾರೆ. ಪಾದಗಳು ಕಣ್ಣಿಗೆ ಸಿಗದಷ್ಟು ವೇಗವಾಗಿ ಚಲಿಸುತ್ತವೆ. ನಿಮಿಷಕ್ಕೆ ಸುಮಾರು 160 ಬಡಿತ. ಆರ್.ಪಿ. ಬೂ, ಡಿ.ಜೆ. ರಶಾದ್ ಮೊದಲಾದ ಪ್ರಮುಖರು ಮೊದಲು ನರ್ತಕರಾಗಿದ್ದವರು. ಆದ್ದರಿಂದ ರಚನೆಗಳಲ್ಲಿ ಪೆಟ್ಟು ಬೀಳಬೇಕಾದಲ್ಲಿ ಬೀಳದೆ ಖಾಲಿ ಉಳಿಯುತ್ತದೆ, ಒಂದೇ ಮಾತಿನ ಚೂರು ಮತ್ತೆ ಮತ್ತೆ ಕೆಣಕುತ್ತದೆ. ಆ ಖಾಲಿಯನ್ನು ತುಂಬುವುದು ಕುಣಿಯುವವನ ಕಾಲು. ಕೆಣಕುವ ಮಾತು ಎದುರಾಳಿಗೆ ಹಾಕಿದ ಸವಾಲು.

ಇಂಗ್ಲೆಂಡಿನ ಪ್ಲಾನೆಟ್ ಮ್ಯೂ ಸಂಸ್ಥೆ 2010ರಲ್ಲಿ ‘ಬ್ಯಾಂಗ್ಸ್ ಆ್ಯಂಡ್ ವರ್ಕ್ಸ್’ ಎಂಬ ಸಂಕಲನದ ಮೂಲಕ ಈ ಸಂಗೀತವನ್ನು ಯುರೋಪಿನ ಕೇಳುಗರಿಗೆ ತಲುಪಿಸಿತು. ಆ ಸಂಸ್ಥೆಯ ಶ್ರಮ ಪ್ರಾಮಾಣಿಕವಾದುದು. ಶಿಕಾಗೊದ ಕಲಾವಿದರಿಗೆ ಅದರಿಂದ ವಿದೇಶ ಸಂಚಾರದ ಅವಕಾಶವೂ ದೊರೆಯಿತು. ಆದರೆ ಕೈಯಲ್ಲಿ ಮುದ್ರಿಕೆ ಮಾತ್ರ ಇದ್ದ ವಿಮರ್ಶಕರ ಬರವಣಿಗೆಯಲ್ಲಿ ‘ಅಮೂರ್ತ’, ‘ವಿಚ್ಛಿದ್ರ’, ‘ನವ್ಯ’ ಎಂಬಂಥ ಪದಗಳು ಕಾಣಿಸಿಕೊಂಡವು. ಇದಕ್ಕೆ ಕುಣಿಯುವುದು ಸಾಧ್ಯವೇ ಎಂಬ ಬೆರಗೂ ವ್ಯಕ್ತವಾಯಿತು. ಹದಿಹರೆಯದ ಮಕ್ಕಳು ಹತ್ತು ವರ್ಷಗಳಿಂದ ಕುಣಿಯುತ್ತಿದ್ದ ಸಂಗೀತವನ್ನು ಕುರಿತು ಈ ಬೆರಗು! ವೃತ್ತವನ್ನು ಕಾಣದವನಿಗೆ ಖಾಲಿ ಜಾಗ ಖಾಲಿಯಾಗಿಯೇ ಕೇಳಿಸುತ್ತದೆ. ಅದಕ್ಕೆ ಅವನು ಅಮೂರ್ತತೆಯೆಂದು ಹೆಸರಿಡುತ್ತಾನೆ. ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ತಾವೇ ಡಿ.ಜೆ. ಆಗಿ ದುಡಿದ ಸಂಗೀತಶಾಸ್ತ್ರಜ್ಞ ಕೈ ಫಿಕೆನ್‌ಷರ್ 2000ದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಇಲ್ಲಿ ಸಂಗೀತವೆಂಬುದು ಡಿ.ಜೆ. ಮತ್ತು ಕುಣಿಯುವವರ ನಡುವಿನ ಕೊಡುಕೊಳೆಯೇ ಹೊರತು ಮುದ್ರಿಕೆಯಲ್ಲವೆಂಬುದನ್ನು ತೋರಿಸಿದ್ದರು. ಪತ್ರಿಕಾ ವಿಮರ್ಶೆ ಆ ಪುಸ್ತಕವನ್ನು ಹೆಚ್ಚಾಗಿ ಬಳಸಿಕೊಳ್ಳಲಿಲ್ಲ.

ಈ ಮಾತನ್ನು ಅನ್ಯರ ತಪ್ಪಾಗಿ ಮಾತ್ರ ಬರೆಯಲು ನನಗೆ ಸಂಕೋಚವಾಗುತ್ತದೆ. ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ನಾನು ಮಲೆಯ ಮಾದೇಶ್ವರನ ಗುಡ್ಡರ ಬೀಸು ಕಂಸಾಳೆಯನ್ನು ಕ್ಯಾಸೆಟ್ಟುಗಳಲ್ಲಿ ಮುದ್ರಿಸಿಕೊಂಡು ಬಂದೆ. ಹಾಡಿನ ಪಾಠವನ್ನು ಅಕ್ಷರ ತಪ್ಪದೆ ಇಳಿಸಿದೆ. ಆ ಕ್ಯಾಸೆಟ್ಟುಗಳನ್ನು ಈಗ ಕೇಳಿದರೆ ಕಂಚಿನ ನಾದವೇನೋ ಸ್ಪಷ್ಟವಾಗಿದೆ. ತಾಳ ಬಟ್ಟಲಿಗೆ ತಾಗಿದ್ದು ತಲೆಯ ಮೇಲೋ, ಮಂಡಿಯ ಕೆಳಗೋ, ಪಕ್ಕದವನ ಕೈಯ ಬಟ್ಟಲಿಗೋ ಎಂಬುದು ತಿಳಿಯುವುದಿಲ್ಲ. ಒಂದೆಡೆ ಎರಡು ಪೆಟ್ಟುಗಳಷ್ಟು ಮೌನವಿದೆ. ನನ್ನ ಟಿಪ್ಪಣಿಯಲ್ಲಿ ಅದಕ್ಕೆ ‘ಲಯಭಂಗ’ ಎಂದು ಬರೆದಿದ್ದೇನೆ. ಗುಡ್ಡರು ಆಗ ಬಗ್ಗಿ ತಿರುಗುತ್ತಿದ್ದಿರಬೇಕು.

ಇದಕ್ಕೆ ವ್ಯತಿರಿಕ್ತವಾಗಿ, ಮುದ್ರಿಕೆಯನ್ನು ಕುಳಿತು ಕೇಳುವವನಿಗಾಗಿಯೇ ಬರೆದ ವಿಮರ್ಶೆಯಲ್ಲಿ ಶ್ರೇಷ್ಠವಾದುದೂ ಇದೆ. ಲಂಡನ್ನಿನ ಬರಿಯಲ್ ಎಂಬ ಅಂಕಿತದ ಕಲಾವಿದನ 2007ರ ‘ಅನ್‌ಟ್ರೂ’ ಕುರಿತು ಮಾರ್ಕ್ ಫಿಶರ್ ಬರೆದದ್ದು ಅಂಥದು. ರೇವ್ ಕೂಟಗಳ ಕಾಲ ಮುಗಿದ ಮೇಲಿನ ಖಾಲಿ ನಗರ, ಕಳೆದುಹೋದ ಒಂದು ಸಾಮೂಹಿಕ ಸಂತೋಷದ ಪ್ರೇತ ಆ ಸಂಗೀತದಲ್ಲಿದೆಯೆಂದು ಅವರು ಕಂಡರು. ಕುಣಿತ ನಿಂತುಹೋದುದರ ಬಗ್ಗೆ ಬರೆದಿದ್ದರಿಂದಲೇ ಅಲ್ಲಿ ಕುಣಿಯುವವರ ಗೈರುಹಾಜರಿ ಕೊರತೆಯಾಗಿ ಕಾಣುವುದಿಲ್ಲ.

ಕೊನೆಯದಾಗಿ ನಮ್ಮ ದೇಶಕ್ಕೆ ಸಂಬಂಧಿಸಿದ ಒಂದು ಪ್ರಸಂಗವನ್ನು ಉಲ್ಲೇಖಿಸುವುದು ಉಚಿತ. ಮುಂಬಯಿಯ ಹಿಂದಿ ಚಿತ್ರಸಂಗೀತದ ವಾದ್ಯಗೋಷ್ಠಿಗಳಲ್ಲಿ ದುಡಿಯುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಹಿಂದುಸ್ತಾನಿ ರಾಗಗಳನ್ನು ಜಪಾನಿನ ರೋಲಂಡ್ ಕಂಪನಿಯ ಮೂರು ಯಂತ್ರಗಳ ಮೇಲೆ ನುಡಿಸಿ ಒಂದು ಆಲ್ಬಮ್ ಮಾಡಿದರು. ಅವುಗಳಲ್ಲಿ ಒಂದು ಟಿ.ಬಿ. 303 ಎಂಬ ಪುಟ್ಟ ಮಂದ್ರಸ್ವರದ ಯಂತ್ರ. ಅದೇ ಯಂತ್ರದ ಗುಂಡಿಗಳನ್ನು ತಿರುಚಿ ಶಿಕಾಗೊದ ಫ್ಯೂಚರ್ ಎಂಬ ತಂಡ 1987ರಲ್ಲಿ ಹೊರತಂದ ಮುದ್ರಿಕೆಯಿಂದ ಆ್ಯಸಿಡ್ ಹೌಸ್ ಎಂಬ ಪ್ರಕಾರಕ್ಕೆ ಹೆಸರಾಯಿತು. ಸಿಂಗರ ಆಲ್ಬಮ್ ಅಂದು ಮಾರಾಟವಾಗಲಿಲ್ಲ. 2010ರಲ್ಲಿ ಡಚ್ ಸಂಗ್ರಾಹಕರೊಬ್ಬರ ಪ್ರಯತ್ನದಿಂದ ಅದು ಮರುಮುದ್ರಣಗೊಂಡಾಗ ಪಶ್ಚಿಮದ ಪತ್ರಿಕೆಗಳು, ಶಿಕಾಗೊಗಿಂತ ಐದು ವರ್ಷ ಮೊದಲೇ ಆ್ಯಸಿಡ್ ಹೌಸ್ ಕಂಡುಹಿಡಿದವರು ಎಂದು ಅವರನ್ನು ಕೊಂಡಾಡಿದವು. ಇದರಿಂದ ಅವರಿಗೆ ಒಳ್ಳೆಯದೇ ಆಯಿತು. ಎಪ್ಪತ್ತು ದಾಟಿದ ಮೇಲೆ ಯುರೋಪಿನ ವೇದಿಕೆಗಳಲ್ಲಿ ನುಡಿಸಿದರು. 2015ರಲ್ಲಿ ನಿಧನರಾದರು.

ಆದರೆ ಈ ಪಟ್ಟ ಎರಡೂ ಕಡೆಯವರಿಗೆ ಅನ್ಯಾಯ ಮಾಡುತ್ತದೆ. ಶಿಕಾಗೊದ ಹುಡುಗರು ಈ ಆಲ್ಬಮನ್ನು ಕೇಳಿದವರಲ್ಲ. ಅವರ ಸಂಗೀತ ಹುಟ್ಟಿದ್ದು ಅವರ ಕ್ಲಬ್ಬಿನ ನೆಲದ ಮೇಲೆ, ಕುಣಿಯುವವರ ಮುಂದೆ. ಇತ್ತ ಸಿಂಗರನ್ನು ಇನ್ನೊಬ್ಬರ ಪ್ರಕಾರದ ಪೂರ್ವಜನನ್ನಾಗಿ ಮಾಡಿದಾಗ, ಭೈರವಿ, ಲಲಿತ, ಮೇಘಮಲ್ಹಾರ ರಾಗಗಳನ್ನು ಅವರು ಆ ಯಂತ್ರಕ್ಕೆ ಹೇಗೆ ಒಗ್ಗಿಸಿದರು, ಸ್ವರದಿಂದ ಸ್ವರಕ್ಕೆ ಜಾರುವ ಅದರ ಗುಣ ಮೀಂಡಿಗೆ ಹೇಗೆ ಒದಗಿತು ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಚಿತ್ರಸಂಗೀತದ ವಾದ್ಯಗಾರರ ಕಸುಬಿನ ಚರಿತ್ರೆಯಲ್ಲಿ ಇದರ ಸ್ಥಾನವೇನೆಂಬುದೂ ಬರೆಯದೆ ಉಳಿದಿದೆ. ತಮ್ಮ ಸಂಗೀತ ಯಾವ ಪ್ರಕಾರದ್ದೆಂದು ಅವರು ಗುಟ್ಟು ಮಾಡಿರಲೂ ಇಲ್ಲ. ಡಿಸ್ಕೋ ತಾಳಕ್ಕೆ ಹತ್ತು ರಾಗಗಳು ಎಂದು ಹೊದಿಕೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದೆ.